ನೆಲದಡಿಯ ಹಂಡೆ

ನಮ್ಮ ಬಚ್ಚಲುಮನೆಗಳಿಂದ ತಾಮ್ರದ ಹಂಡೆ ಮಾಯವಾಗಿ, ಆ ಜಾಗದಲ್ಲಿ ಗೋಡೆಗೆ ತೂಗುಹಾಕಿದ ಬಿಳಿಯ ಡಬ್ಬಿಯೊಂದು ಬಂದು ಬಹಳ ಕಾಲವಾಯಿತು. ಅದನ್ನು ನಾವು ಗೀಸರ್ ಎನ್ನುತ್ತೇವೆ. ‘ಗೀಸರ್ ಹಾಕು’, ‘ಗೀಸರ್ ಆರಿಸು’ ಎಂದು ದಿನವೂ ಕೂಗಾಡುವ ನಮ್ಮಲ್ಲಿ ಅದು ದೂರದ ಒಂದು ಚಿಲುಮೆಯ ಹೆಸರೆಂದು ಬಲ್ಲವರು ಕಡಮೆ. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ, ಹಿಮದ ನೆರೆಯಲ್ಲಿ, ಐಸ್‌ಲ್ಯಾಂಡ್ ಎಂಬ ದ್ವೀಪವಿದೆ. ಅಲ್ಲಿನ ಒಂದು ಬಿಸಿನೀರಿನ ಚಿಲುಮೆಗೆ ಗೇಸಿರ್ ಎಂದು ಹೆಸರು. ಚಿಮ್ಮುವುದು ಎಂಬ ಅರ್ಥವುಳ್ಳ ಆ ನಾಡಿನ ಹಳೆಯ ಮಾತಿನಿಂದ ಹುಟ್ಟಿದ ಪದ ಅದು. ಒಂದು ಚಿಲುಮೆಯ ಹೆಸರು ಜಗತ್ತಿನ ಎಲ್ಲ ಚಿಮ್ಮುವ ಬಿಸಿನೀರಿಗೂ ಹೆಸರಾಯಿತು. ಕೊನೆಗೆ ಬೆಂಗಳೂರಿನ ಬಚ್ಚಲನ್ನೂ ಬಂದು ಸೇರಿತು. ಮೂಲದ ಗೇಸಿರ್ ಮಾತ್ರ ಈಗ ಬಹುಮಟ್ಟಿಗೆ ಮೌನವಾಗಿದೆ. ಅದರ ಪಕ್ಕದಲ್ಲಿರುವ ಸ್ಟ್ರೋಕ್ಕೂರ್ ಎಂಬ ಇನ್ನೊಂದು ಚಿಲುಮೆ ಕೆಲವು ನಿಮಿಷಗಳಿಗೊಮ್ಮೆ ಆಕಾಶಕ್ಕೆ ಚಿಮ್ಮಿ, ನೋಡಬಂದವರನ್ನು ನಿರಾಶೆಗೊಳಿಸದೆ ಕಳುಹಿಸುತ್ತದೆ.

ಭೂವಿಜ್ಞಾನವನ್ನು ಪಾಠ ಹೇಳುತ್ತಿದ್ದ ನನಗೆ, ವೃತ್ತಿಯ ನೆವದಿಂದ ಕೆಲವೊಮ್ಮೆ, ಮಕ್ಕಳ ಮನೆಗೆ ಹೋದ ನೆವದಿಂದ ಕೆಲವೊಮ್ಮೆ, ಹಲವು ದೇಶಗಳ ಬಿಸಿನೀರಿನ ಬುಗ್ಗೆಗಳನ್ನು ನೋಡುವ ಅವಕಾಶ ದೊರೆಯಿತು. ಅವುಗಳಲ್ಲಿ ಮಿಂದ ಸುಖವನ್ನು ಬಣ್ಣಿಸುತ್ತ ಕುಳಿತರೆ ನನಗೆ ಕೊಟ್ಟಿರುವ ವೇಳೆ ಸಾಲದು. ಅದಕ್ಕಿಂತ ಮುಖ್ಯವೆಂದು ನನಗೆ ತೋರಿದ ಪ್ರಶ್ನೆ ಒಂದಿದೆ. ನೆಲದೊಳಗಿಂದ ತಾನಾಗಿ ಬಿಸಿಯಾಗಿ ಬರುವ ಈ ನೀರು ಯಾರದು? ಅದನ್ನು ಉಳಿಸಿಕೊಂಡವರು ಹೇಗೆ ಉಳಿಸಿಕೊಂಡರು, ಕಳೆದುಕೊಂಡವರು ಹೇಗೆ ಕಳೆದುಕೊಂಡರು?

ಮೊದಲು ಈ ನೀರು ಕಾಯುವ ಬಗೆಯನ್ನು ತಿಳಿಯೋಣ. ನಮ್ಮ ಹಳೆಯ ಮನೆಗಳಲ್ಲಿ ಒಂದು ಕಟ್ಟುಪಾಡಿತ್ತು. ಹಂಡೆಯಿಂದ ಬಿಸಿನೀರು ತೋಡಿಕೊಂಡು ಸ್ನಾನ ಮುಗಿಸಿದವರು, ತಾವು ತೆಗೆದಷ್ಟು ತಣ್ಣೀರನ್ನು ಹಂಡೆಗೆ ಹುಯ್ದು, ಒಲೆಗೆ ಎರಡು ಸೌದೆ ನೂಕಿ ಹೊರಗೆ ಬರಬೇಕು. ಇಲ್ಲವಾದರೆ ಹಿಂದಿನಿಂದ ಬರುವವರಿಗೆ ನೀರಿಲ್ಲ. ಭೂಮಿಯ ಹಂಡೆಗೆ ನೀರು ತುಂಬುವುದು ಮಳೆ. ಬೆಟ್ಟದ ಮೇಲೆ ಸುರಿದ ಮಳೆಯ ಒಂದು ಪಾಲು ಬಂಡೆಗಳ ಬಿರುಕಿನಲ್ಲಿ ಇಳಿಯುತ್ತ ಹೋಗುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಳಕ್ಕೆ ೨೫ ರಿಂದ ೩೦ ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಏರುತ್ತದೆ. ಎರಡು ಮೂರು ಕಿಲೋಮೀಟರ್ ಇಳಿದ ನೀರು ಕಾಯದೆ ಇರಲಾರದು. ಕಾದ ನೀರು ಹಗುರಾಗಿ, ಮೇಲಿನ ನೀರಿನ ಒತ್ತಡವೂ ಸೇರಿ, ಬಂಡೆಯ ಯಾವುದೋ ದೊಡ್ಡ ಸೀಳನ್ನು ಹಿಡಿದು ಮೇಲೇರಿ ಬುಗ್ಗೆಯಾಗುತ್ತದೆ. ಜ್ವಾಲಾಮುಖಿಗಳಿರುವ ನಾಡುಗಳಲ್ಲಿ ಕರಗಿದ ಶಿಲೆಯು ಮೇಲುಮೇಲಕ್ಕೇ ಇರುವುದರಿಂದ ಇಷ್ಟು ಆಳಕ್ಕೆ ಇಳಿಯುವ ಕಷ್ಟವೂ ಇಲ್ಲ. ಒಲೆ ಎರಡು ಬಗೆಯದಾದರೂ ಹಂಡೆಯ ಕ್ರಮ ಒಂದೇ.

ಇಲ್ಲಿ ಗಮನಿಸಬೇಕಾದುದು ಕಾಲ. ಇಂಗ್ಲೆಂಡಿನಲ್ಲಿ ಬಾತ್ ಎಂಬ ಊರಿದೆ. ನಮಗೆ ಬಾತ್ ಎಂದೊಡನೆ ಬೆಳಗಿನ ತಿಂಡಿಯ ನೆನಪಾದೀತು. ಆ ಊರಿನ ಹೆಸರಿಗೆ ಸ್ನಾನವೆಂದೇ ಅರ್ಥ. ಅಲ್ಲಿ ೪೬ ಡಿಗ್ರಿಯ ನೀರು ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮಿಗಿಲಾಗಿ ಉಕ್ಕುತ್ತದೆ. ಆ ನೀರು ನೆರೆಯ ಮೆಂಡಿಪ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಬಿದ್ದ ಮಳೆಯೆಂದು ತಜ್ಞರು ಹೇಳುತ್ತಾರೆ. ಬೇಸಾಯವನ್ನೇ ಅರಿಯದ ಮನುಷ್ಯರ ತಲೆಯ ಮೇಲೆ ಸುರಿದ ಮಳೆ ಇಂದು ಬಿಸಿಯಾಗಿ ಹೊರಬರುತ್ತಿರಬಹುದು. ಈ ವರ್ಷದ ಮಳೆಯ ಲೆಕ್ಕದಲ್ಲಿ ಖರ್ಚು ಮಾಡುವ ನೀರಲ್ಲ ಇದು. ತಲೆತಲಾಂತರದಿಂದ ಕೂಡಿಬಂದ ಇಡುಗಂಟು.

ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಹಿಮಾಚಲ ಪ್ರದೇಶದ ಪಾರ್ವತೀ ಕಣಿವೆಯ ಮಣಿಕರಣಕ್ಕೆ ಹೋದವರು ಆ ನೋಟವನ್ನು ಮರೆಯಲಾರರು. ಕೆಳಗೆ ಹಿಮ ಕರಗಿದ ನೀರಿನಿಂದ ಮೊರೆಯುವ ನದಿ. ಅದರ ದಡದಲ್ಲೇ ಬಹುಮಟ್ಟಿಗೆ ಕುದಿಯುವ ಬುಗ್ಗೆ. ಗುರುದ್ವಾರದ ಲಂಗರಿಗೆ ಬೇಕಾದ ಅನ್ನವನ್ನು ಅಲ್ಲಿ ಬುಗ್ಗೆಯ ನೀರಿನಲ್ಲೇ ಬೇಯಿಸುತ್ತಾರೆ. ಯಾತ್ರಿಕರೂ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಇಳಿಬಿಡುತ್ತಾರೆ. ಯಮುನೋತ್ರಿಯ ಸೂರ್ಯಕುಂಡದಲ್ಲಿ ಹೀಗೆಯೇ ಬೆಂದ ಅಕ್ಕಿ ಮತ್ತು ಆಲೂಗಡ್ಡೆ ಪ್ರಸಾದವಾಗುತ್ತದೆ. ಲಡಾಖಿನ ಪುಗಾ ಕಣಿವೆಯಲ್ಲಿ ಇನ್ನೊಂದು ವಿಚಿತ್ರ. ಸಮುದ್ರಮಟ್ಟದಿಂದ ಸುಮಾರು ೪,೪೦೦ ಮೀಟರ್ ಎತ್ತರದ ಆ ಬಯಲಿನಲ್ಲಿ ಗಾಳಿಯ ಒತ್ತಡ ಕಡಮೆ; ನೀರು ನೂರು ಡಿಗ್ರಿಗೆ ಕಾಯದೆ ಎಂಬತ್ತೈದರ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಚಳಿಗೆ ನಡುಗುತ್ತ ಕುದಿಯುವ ನೀರಿನ ಎದುರು ನಿಲ್ಲುವುದು ಒಂದು ಅನುಭವವೇ ಸರಿ.

ಈ ಬುಗ್ಗೆಗಳು ಶಾಶ್ವತವೆಂದು ನಾವು ನಂಬಿದ್ದೇವೆ. ಪುರಾಣಗಳಲ್ಲಿ ಹೆಸರು ಬಂದಮೇಲೆ ಅವು ಅಲ್ಲೇ ಇರಲೇಬೇಕಲ್ಲವೆ? ಆದರೆ ಕೇದಾರನಾಥದ ದಾರಿಯಲ್ಲಿದ್ದ ಗೌರೀಕುಂಡದ ಬಿಸಿನೀರಿನ ಕೊಳ ೨೦೧೩ರ ಜೂನ್ ತಿಂಗಳ ಮಹಾಪ್ರವಾಹದಲ್ಲಿ ಕೊಚ್ಚಿಹೋಯಿತು. ಪ್ರಕೃತಿ ತಾನೇ ಕೊಟ್ಟಿದ್ದನ್ನು ತಾನೇ ಹಿಂದಕ್ಕೆ ಪಡೆಯಿತೆಂದು ಸಮಾಧಾನ ಹೇಳಿಕೊಳ್ಳಬಹುದು. ಮನುಷ್ಯನೇ ಕೈಯಾರೆ ಆರಿಸಿದ ಬುಗ್ಗೆಗಳ ವಿಷಯದಲ್ಲಿ ಆ ಸಮಾಧಾನಕ್ಕೆ ಎಡೆಯಿಲ್ಲ. ಅದಕ್ಕೆ ಮೊದಲು, ಈ ನೀರನ್ನು ಹಂಚಿಕೊಂಡು ಬಾಳುವುದನ್ನು ಕಲಿತ ಕೆಲವು ಜನರ ಕತೆಯನ್ನು ಕೇಳಿ.

ಮತ್ತೆ ಬಾತ್ ಊರಿಗೇ ಹೋಗೋಣ. ರೋಮನರು ಅಲ್ಲಿ ಕಟ್ಟಿದ ಸ್ನಾನಗೃಹ ಇಂದಿಗೂ ಇದೆ. ಬುಗ್ಗೆಯ ತಳದಲ್ಲಿ ಸಿಕ್ಕ ಸೀಸದ ತಗಡುಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡಿದೆ. ಒಟ್ಟು ನೂರಕ್ಕೂ ಹೆಚ್ಚು ತಗಡುಗಳು ದೊರೆತಿವೆ. ಅವುಗಳ ಮೇಲಿರುವುದು ಸ್ತೋತ್ರವಲ್ಲ, ಶಾಪ. ತಾನು ಮೀಯುವಷ್ಟರಲ್ಲಿ ತನ್ನ ಮೇಲಂಗಿಯನ್ನು ಕದ್ದವನಿಗೆ ನಿದ್ದೆ ಬಾರದಿರಲಿ, ಆರೋಗ್ಯ ಕೆಡಲಿ ಎಂದು ಬಟ್ಟೆ ಕಳೆದುಕೊಂಡವರು ದೇವಿಗೆ ಬರೆದ ಅರ್ಜಿಗಳು ಅವು! ನಮ್ಮ ತೀರ್ಥಕ್ಷೇತ್ರಗಳಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಈ ನೋವು ಅರ್ಥವಾದೀತು. ೧೯೭೮ರಲ್ಲಿ ಆ ಊರಿನ ಬಿಸಿನೀರಿನಲ್ಲಿ ಈಜಿದ ಒಬ್ಬ ಬಾಲಕಿ, ನೀರಿನಲ್ಲಿದ್ದ ಸೂಕ್ಷ್ಮಜೀವಿಯೊಂದು ಮೂಗಿನ ಮೂಲಕ ಮಿದುಳನ್ನು ಹೊಕ್ಕು ಮರಣ ಹೊಂದಿದಳು. ಸ್ನಾನ ನಿಂತಿತು. ಬಿಸಿಯಾದ ನೀರೆಲ್ಲ ಶುದ್ಧವಾದ ನೀರೆಂಬ ನಮ್ಮ ನಂಬಿಕೆಗೆ ಇದೊಂದು ಎಚ್ಚರಿಕೆ. ಅಲ್ಲಿನವರು ಬುಗ್ಗೆಯನ್ನು ಕೈಬಿಡಲಿಲ್ಲ. ಶುದ್ಧವಾದ ನೀರು ಸಿಗುವಂತೆ ಬೇರೆಯಾಗಿ ಕೊರೆದು, ೨೦೦೬ರಲ್ಲಿ ಹೊಸ ಸ್ನಾನಗೃಹವನ್ನು ತೆರೆದರು. ೧೯೮೨ರಷ್ಟು ಹಿಂದೆಯೇ ಒಂದು ಕಾಯಿದೆಯನ್ನೂ ಮಾಡಿಕೊಂಡಿದ್ದರು. ಆ ಊರಿನಲ್ಲಿ ನಿಗದಿಯಾದ ಆಳಕ್ಕಿಂತ ಹೆಚ್ಚು ನೆಲ ಅಗೆಯಬೇಕಾದರೆ ನಗರಾಡಳಿತದ ಒಪ್ಪಿಗೆ ಬೇಕು. ತನ್ನ ಸ್ವಂತ ಹಿತ್ತಿಲಾದರೂ ಸರಿಯೆ. ಹಿತ್ತಿಲು ಅವನದಾಗಿರಬಹುದು, ಅದರ ಅಡಿಯಲ್ಲಿ ಹರಿಯುವ ಬಿಸಿನೀರು ಇಡೀ ಊರಿನದು ಎಂಬುದು ಅವರ ತೀರ್ಮಾನ.

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಮುಖ್ಯ ಬೀದಿಗೆ ಲೈಗಾವೇಗುರ್ ಎಂದು ಹೆಸರು. ಬುಗ್ಗೆಗಳಿಗೆ ಹೋಗುವ ದಾರಿ ಎಂದು ಅದರ ಅರ್ಥ. ಇಂದು ಆ ಬೀದಿಯ ತುಂಬ ಬೆಲೆಬಾಳುವ ಅಂಗಡಿಗಳು. ಹಿಂದೆ ಆ ಊರಿನ ಹೆಂಗಸರು ಬಟ್ಟೆಯ ಹೊರೆ ಹೊತ್ತು, ಗಾಳಿ ಹಿಮಗಳಲ್ಲಿ ಸುಮಾರು ಮೂರು ಕಿಲೋಮೀಟರ್ ನಡೆದು, ಊರ ಹೊರಗಿನ ಬಿಸಿನೀರಿನಲ್ಲಿ ಒಗೆದು ತರುತ್ತಿದ್ದ ದಾರಿ ಅದು. ಕಾಲುಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಉಂಟು. ೧೯೩೦ರಲ್ಲಿ ಅದೇ ಬುಗ್ಗೆಗಳ ಬಳಿಯ ಬಿಸಿನೀರನ್ನು ಕೊಳವೆಗಳಲ್ಲಿ ಹರಿಸಿ ಮೊದಲು ಬೆಚ್ಚಗಾಗಿಸಿದ್ದು ಒಂದು ಶಾಲೆಯನ್ನು. ಆಮೇಲೆ ಆಸ್ಪತ್ರೆ, ಈಜುಕೊಳ, ಕೆಲವು ಹತ್ತು ಮನೆಗಳು. ಇಂದು ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಬೆಚ್ಚಗಿರುವುದು ನೆಲದ ಶಾಖದಿಂದಲೇ. ದೈಲ್ದಾರ್ತುಂಗುಹ್ವೇರ್ ಎಂಬ ಒಂದೇ ಬುಗ್ಗೆ ಸೆಕೆಂಡಿಗೆ ೧೮೦ ಲೀಟರ್ ನೀರನ್ನು ೯೭ ಡಿಗ್ರಿಯಲ್ಲಿ ಕೊಡುತ್ತದೆ. ಅದರ ಒಂದು ಕೊಳವೆ ೬೪ ಕಿಲೋಮೀಟರ್ ಹರಿದು ಇನ್ನೊಂದು ಊರಿನ ಮನೆಗಳನ್ನು ಮುಟ್ಟುತ್ತದೆ. ಆ ಬುಗ್ಗೆಯ ಹೆಸರನ್ನು ಸರಿಯಾಗಿ ಉಚ್ಚರಿಸುವುದನ್ನು ಕಲಿಯಲು ನನಗೆ ಎರಡು ದಿನ ಹಿಡಿಯಿತು. ಆದರೆ ಅಲ್ಲಿನ ಸಾರ್ವಜನಿಕ ಕೊಳಗಳಲ್ಲಿ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕುಳಿತು, ಮೇಲಿನಿಂದ ಹಿಮ ಉದುರುತ್ತಿರುವಾಗ ಹರಟುವ ಮುದುಕರ ನಡುವೆ ಮಾತು ಬಾರದಿದ್ದವನಿಗೂ ಜಾಗವಿತ್ತು.

ನೀರಿಗೆ ಮರ್ಯಾದೆ ಕೊಡುವುದರಲ್ಲಿ ಜಪಾನೀಯರನ್ನು ಮೀರಿಸಿದವರನ್ನು ನಾನು ಕಾಣೆ. ಬಿಸಿನೀರಿನ ಬುಗ್ಗೆಗೆ ಅಲ್ಲಿ ಓನ್‌ಸೆನ್ ಎನ್ನುತ್ತಾರೆ. ಕೊಳಕ್ಕೆ ಇಳಿಯುವ ಮೊದಲು ಸಣ್ಣ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ, ಮೈಯನ್ನು ಪೂರ್ತಿ ತೊಳೆದುಕೊಳ್ಳಬೇಕು. ಕೊಳ ಇರುವುದು ಕೊಳೆ ಕಳೆಯುವುದಕ್ಕಲ್ಲ. ಕೈಯಲ್ಲಿರುವ ಸಣ್ಣ ಟವೆಲನ್ನು ಸಹ ನೀರಿಗೆ ಅದ್ದಬಾರದು; ಬೇಕಾದರೆ ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳಬಹುದು. ಕುಸಾತ್ಸು ಎಂಬ ಊರಿನಲ್ಲಿ ಬುಗ್ಗೆಯ ನೀರು ಮೈ ಸುಡುವಷ್ಟು ಬಿಸಿ. ತಣ್ಣೀರು ಬೆರೆಸಿದರೆ ಅದರ ಗುಣ ಕೆಡುತ್ತದೆಂದು ಅಲ್ಲಿಯ ಹೆಂಗಸರು ಸಾಲಾಗಿ ನಿಂತು, ಉದ್ದನೆಯ ಹಲಗೆಗಳಿಂದ ನೀರನ್ನು ಕಲಕಿ ಕಲಕಿ, ಹಾಡು ಹೇಳುತ್ತ ಆರಿಸುತ್ತಾರೆ. ಜಪಾನು ೧೯೪೮ರಲ್ಲೇ ಬಿಸಿನೀರಿನ ಬುಗ್ಗೆಗಳಿಗಾಗಿ ಪ್ರತ್ಯೇಕ ಕಾಯಿದೆ ಮಾಡಿತು. ಹುಟ್ಟುವ ಕಡೆ ೨೫ ಡಿಗ್ರಿ ಇರಬೇಕು, ಇಲ್ಲವೆ ಗೊತ್ತುಪಡಿಸಿದ ಖನಿಜಗಳಲ್ಲಿ ಒಂದಾದರೂ ತಕ್ಕಷ್ಟು ಇರಬೇಕು. ಆಗ ಮಾತ್ರ ಅದು ಓನ್‌ಸೆನ್. ಕೊರೆಯುವುದಕ್ಕೂ ಪರವಾನಗಿ ಬೇಕು. ನೆಲದ ಶಾಖದಿಂದ ವಿದ್ಯುತ್ ತೆಗೆಯಬಲ್ಲ ದೇಶಗಳಲ್ಲಿ ಜಪಾನು ಮುಂಚೂಣಿಯಲ್ಲಿದ್ದರೂ ಆ ವಿದ್ಯುತ್ತು ಅಲ್ಲಿ ಬಹಳ ಬೆಳೆದಿಲ್ಲ. ತಮ್ಮ ಬುಗ್ಗೆ ಬತ್ತೀತೆಂಬ ಊರೂರಿನವರ ಆತಂಕ ಅದಕ್ಕೆ ಒಂದು ಮುಖ್ಯ ಕಾರಣ.

ಈ ಆತಂಕ ಕೇವಲ ಮೂಢ ಭಯವೆ? ಅದಕ್ಕೆ ಉತ್ತರ ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ ವೈರಾಕೆಯಲ್ಲಿ ೧೯೫೮ರಲ್ಲಿ ನೆಲದ ಆವಿಯಿಂದ ವಿದ್ಯುತ್ ತೆಗೆಯುವ ದೊಡ್ಡ ಕೇಂದ್ರ ಕೆಲಸ ಆರಂಭಿಸಿತು. ಪಕ್ಕದಲ್ಲೇ ಚಿಮ್ಮು ಚಿಲುಮೆಗಳ ಕಣಿವೆಯೊಂದಿತ್ತು. ಜನ ದೂರದೂರದಿಂದ ಬಂದು ನೋಡುತ್ತಿದ್ದರು. ಒತ್ತಡ ಇಳಿಯುತ್ತ ಬಂದ ಹಾಗೆ ಒಂದೊಂದಾಗಿ ಆ ಚಿಲುಮೆಗಳು ನಿಂತುಹೋದವು. ವಿದ್ಯುತ್ತು ಬಂದಿತು, ಕಣಿವೆ ಬರಿದಾಯಿತು.

ಅಲ್ಲಿಗೆ ಬಹಳ ದೂರವಲ್ಲದ ರೋಟೊರೂವ ಎಂಬ ಊರಿನ ಕತೆ ಬೇರೆಯಾಯಿತು. ಆ ಊರ ಅಂಚಿನ ವಾಕಾರೇವರೇವ ಎಂಬ ಹಳ್ಳಿಯಲ್ಲಿ ಮಾವೋರಿ ಜನ ಬುಗ್ಗೆಗಳ ನಡುವೆಯೇ ಮನೆ ಮಾಡಿಕೊಂಡಿದ್ದಾರೆ. ಅಂಗಳದ ಆವಿಯ ಪೆಟ್ಟಿಗೆಯಲ್ಲಿ ಅಡುಗೆ. ಹಿಂದಿನ ಕೊಳದಲ್ಲಿ ಸ್ನಾನ. ೧೮೮೬ರ ಜೂನ್ ೧೦ರಂದು ತಾರವೇರ ಪರ್ವತ ಸಿಡಿದು, ತಮ್ಮ ಊರನ್ನೂ, ಜಗತ್ಪ್ರಸಿದ್ಧವಾಗಿದ್ದ ಬಿಳಿ ಮತ್ತು ನಸುಗೆಂಪು ಬಣ್ಣದ ಶಿಲಾಸೋಪಾನಗಳನ್ನೂ ಕಳೆದುಕೊಂಡು ಬಂದವರಿಗೆ ಆಸರೆ ಕೊಟ್ಟ ಸ್ಥಳ ಅದು. ರೋಟೊರೂವ ಪಟ್ಟಣ ಬೆಳೆದಂತೆ ಮನೆಮನೆಯವರೂ ವಸತಿಗೃಹದವರೂ ನೂರಾರು ಕೊಳವೆಬಾವಿಗಳನ್ನು ಕೊರೆದು, ಕೋಣೆ ಬೆಚ್ಚಗಾಗಿಸಲು, ಈಜುಕೊಳ ತುಂಬಿಸಲು ಬಿಸಿನೀರನ್ನು ಎಳೆಯತೊಡಗಿದರು. ಒಬ್ಬೊಬ್ಬರು ತೆಗೆದದ್ದು ಸ್ವಲ್ಪವೇ. ೧೯೭೯ರಲ್ಲಿ ಪಾಪಕುರ ಎಂಬ ಚಿಲುಮೆ ನಿಂತಿತು. ದೇಶ ಬೆಚ್ಚಿತು. ೧೯೮೬ರಲ್ಲಿ ಸರಕಾರ ಕಠಿಣವಾದ ನಿರ್ಧಾರ ಕೈಗೊಂಡಿತು: ಪೋಹುತು ಎಂಬ ಹಿರಿಯ ಚಿಲುಮೆಯ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಕೊಳವೆಬಾವಿಗಳನ್ನೆಲ್ಲ ಮುಚ್ಚತಕ್ಕದ್ದು, ಉಳಿದವರು ತೆಗೆದ ಬಿಸಿನೀರಿಗೆ ತೆರಿಗೆ ಕೊಡತಕ್ಕದ್ದು. ಹಣ ಹಾಕಿ ಕೊರೆಸಿದವರು ಸುಮ್ಮನಿದ್ದಾರೆಯೆ? ಪ್ರತಿಭಟನೆ ನಡೆಯಿತು. ಸರಕಾರ ಹಿಂದೆಗೆಯಲಿಲ್ಲ. ನೆಲದೊಳಗಿನ ಒತ್ತಡ ಮೆಲ್ಲಮೆಲ್ಲನೆ ಏರಿತು; ಸತ್ತಂತಿದ್ದ ಬುಗ್ಗೆಗಳು ಕೆಲವು ಉಸಿರಾಡಿದವು. ಪಾಪಕುರ ಮತ್ತೆ ಚಿಮ್ಮಿದ್ದು ೨೦೧೫ರಲ್ಲಿ. ನಿಂತ ಚಿಲುಮೆಗೆ ಮರಳಿ ಜೀವ ಬರಲು ಮೂವತ್ತಾರು ವರ್ಷ ಬೇಕಾಯಿತು. ಆಗ ಬಾವಿ ಮುಚ್ಚಿಸಿಕೊಂಡವರಲ್ಲಿ ಎಷ್ಟೋ ಮಂದಿ ಅದನ್ನು ನೋಡಲು ಉಳಿದಿರಲಿಕ್ಕಿಲ್ಲ.

ಯುರೋಪಿನಲ್ಲೂ ಇಂಥದೇ ಒಂದು ನಿದರ್ಶನವಿದೆ. ಹಂಗೆರಿಯ ಹೇವೀಜ್ ಒಂದು ಬಿಸಿನೀರಿನ ಸರೋವರ. ಹನ್ನೊಂದು ಎಕರೆಯಷ್ಟು ಅಗಲ, ೩೮ ಮೀಟರ್ ಆಳ. ತಳದ ಗುಹೆಯಿಂದ ಬಿಸಿನೀರು ಉಕ್ಕುತ್ತಲೇ ಇರುವುದರಿಂದ ಚಳಿಗಾಲದಲ್ಲೂ ಜನ ಈಜುತ್ತಾರೆ. ಅಲ್ಲಿ ನೀರಿನ ಮೇಲೆ ಅರಳಿದ್ದ ಕೆಂಪು ನೈದಿಲೆಗಳನ್ನು ಕಂಡು ನನಗೆ ಆಶ್ಚರ್ಯವಾಯಿತು. ಅವು ನಮ್ಮ ದೇಶದ ಮೂಲದವು. ಯಾರೋ ಪುಣ್ಯಾತ್ಮರು ಹಿಂದೆ ತಂದು ನೆಟ್ಟರು, ಬಿಸಿನೀರಿನ ಆಸರೆಯಲ್ಲಿ ಅವು ಹಿಮದ ನಾಡಿನಲ್ಲಿ ಬದುಕಿಕೊಂಡವು. ಈ ಸರೋವರದಿಂದ ದೂರದಲ್ಲಿ, ನ್ಯಿರಾದ್ ಎಂಬಲ್ಲಿ, ಅಲ್ಯುಮಿನಿಯಮ್ಮಿನ ಅದುರು ತೆಗೆಯುವ ಗಣಿಗಳಿದ್ದವು. ಗಣಿಗೆ ನುಗ್ಗುವ ನೀರನ್ನು ಹಗಲಿರುಳು ಪಂಪು ಮಾಡಿ ಹೊರಹಾಕುತ್ತಿದ್ದರು. ಸರೋವರಕ್ಕೆ ಬರುವ ನೀರು ಇಳಿಯತೊಡಗಿತು. ನೆಲದ ಮೇಲೆ ಸಂಬಂಧವೇ ಕಾಣದ ಎರಡು ಸ್ಥಳಗಳಿಗೆ ನೆಲದಡಿಯಲ್ಲಿ ನಂಟಿತ್ತು. ಕೊನೆಗೆ ೧೯೯೦ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದರು. ಸರೋವರ ಉಳಿಯಿತು. ಗಣಿಯಲ್ಲಿ ದುಡಿಯುತ್ತಿದ್ದವರು ಆ ಉಳಿವಿಗೆ ತಮ್ಮ ಅನ್ನದ ದಾರಿಯನ್ನು ತೆತ್ತರೆಂಬುದನ್ನೂ ನಾವು ಮರೆಯಬಾರದು. ಯಾವುದೂ ಪುಕ್ಕಟೆಯಾಗಿ ಉಳಿಯುವುದಿಲ್ಲ.

ದೊಡ್ಡ ಗಣಿಯೇ ಬೇಕೆಂದಿಲ್ಲ. ಸಣ್ಣ ನಾಣ್ಯವೂ ಸಾಕು. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ, ೧೮೭೨ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಯೆಲ್ಲೋಸ್ಟೋನನ್ನು ನೋಡಿದೆ. ಜಗತ್ತಿನ ಚಿಮ್ಮು ಚಿಲುಮೆಗಳಲ್ಲಿ ಅರ್ಧದಷ್ಟು ಅಲ್ಲೇ ಇವೆ. ಒಂದು ಕೊಳಕ್ಕೆ, ಅದರ ನೀಲಿಯನ್ನು ಕಂಡು, ಮುಂಜಾವಿನಲ್ಲಿ ಅರಳುವ ಒಂದು ಹೂವಿನ ಹೆಸರನ್ನು ಇಟ್ಟಿದ್ದರು. ಬಂದವರು ಹರಕೆಯ ಹಾಗೆ ಅದರೊಳಗೆ ಕಾಸು ಎಸೆದರು. ೧೯೫೦ರಲ್ಲಿ ಕೊಳವನ್ನು ಉಕ್ಕಿಸಿ ಶುಚಿಮಾಡಿದಾಗ ನಾಣ್ಯಗಳ ರಾಶಿಯೊಡನೆ ಬಾಟಲಿ, ಕರವಸ್ತ್ರ, ಕಾಲುಚೀಲ, ಒಳ ಉಡುಪುಗಳೂ ಹೊರಬಂದವು! ಬುಗ್ಗೆಯ ಬಾಯಿ ಕಟ್ಟಿ, ನೀರು ಆರಿ, ಅಂಚಿನ ಹಳದಿ ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಹಬ್ಬಿದವು. ಇಂದು ಆ ಕೊಳದಲ್ಲಿ ಹೆಸರಿಗೆ ತಕ್ಕ ನೀಲಿ ನಡುವೆ ಮಾತ್ರ ಉಳಿದಿದೆ.

ಆ ಸೂಕ್ಷ್ಮಜೀವಿಗಳ ಬಗೆಗೂ ಒಂದು ಮಾತು ಹೇಳಬೇಕು. ೧೯೬೬ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ, ಅದೇ ಉದ್ಯಾನದ ಒಂದು ಬುಗ್ಗೆಯಲ್ಲಿ, ಎಪ್ಪತ್ತು ಡಿಗ್ರಿಯ ಶಾಖದಲ್ಲೂ ಸುಖವಾಗಿ ಬದುಕುವ ಬ್ಯಾಕ್ಟೀರಿಯವನ್ನು ಪತ್ತೆಹಚ್ಚಿದ. ಇದರಿಂದ ಯಾರಿಗೆ ಏನು ಲಾಭವೆಂದು ಆಗ ಯಾರೂ ಹೇಳುವಂತಿರಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಅನಂತರ, ಆ ಜೀವಿಯಿಂದ ದೊರೆತ ಶಾಖ ತಾಳುವ ಕಿಣ್ವವು, ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಡಿಎನ್‌ಎ ಪ್ರತಿಮಾಡುವ ವಿಧಾನಕ್ಕೆ ಜೀವಾಳವಾಯಿತು. ಮುಲ್ಲಿಸನಿಗೆ ೧೯೯೩ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ೨೦೨೦ರ ಮಹಾಮಾರಿಯಲ್ಲಿ ನಮ್ಮ ನಿಮ್ಮ ಮೂಗಿನಿಂದ ದ್ರವ ತೆಗೆದು ಸೋಂಕು ಇದೆಯೇ ಇಲ್ಲವೇ ಎಂದು ಹೇಳಿದ ಪರೀಕ್ಷೆಯ ಬೇರು ಆ ಬುಗ್ಗೆಯಲ್ಲಿದೆ. ಅದು ಯಾರದೋ ಈಜುಕೊಳವಾಗಿ ಮಾರ್ಪಟ್ಟಿದ್ದರೆ, ಬ್ರಾಕನಿಗೆ ಅಲ್ಲಿ ಏನು ಸಿಗುತ್ತಿತ್ತು?

ಇಷ್ಟು ದೂರ ಸುತ್ತಿ ನಾನು ಬರಬೇಕಾದುದು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿಗೆ. ಅಲ್ಲಿ ಇರ್ದೆ ಗ್ರಾಮದಲ್ಲಿ, ಅಡಿಕೆ ತೋಟಗಳ ಸೀಮೆಯಲ್ಲಿ, ಬೆಂದ್ರು ತೀರ್ಥವೆಂಬ ಬುಗ್ಗೆಯಿದೆ. ಬೆಂದ್ರು ಎಂದರೆ ತುಳುವಿನಲ್ಲಿ ಬಿಸಿನೀರು. ಅಲ್ಲಿ ಜ್ವಾಲಾಮುಖಿಯಿಲ್ಲ, ಕುದಿಯುವ ಆರ್ಭಟವಿಲ್ಲ. ಗಂಧಕದ ವಾಸನೆಯ, ಮೈಗೆ ಹಿತವಾದ ಉಗುರುಬೆಚ್ಚನೆಯ ನೀರು. ಚರ್ಮದ ಕಾಯಿಲೆಗೆ ಒಳ್ಳೆಯದೆಂದು ನಂಬಿ ಮೀಯಲು ಬರುತ್ತಿದ್ದವರು ಬಹಳ. ಸುತ್ತಮುತ್ತ ಕೊಳವೆಬಾವಿಗಳು ಹೆಚ್ಚಿದ ಮೇಲೆ ನೀರು ಇಳಿಯಿತು, ಬಿಸಿಯೂ ತಗ್ಗಿತು ಎಂದು ಊರಿನವರು ಹೇಳುತ್ತಾರೆ. ರೋಟೊರೂವದ ಕತೆ ಕೇಳಿದವರಿಗೆ ಇದು ಅಚ್ಚರಿಯ ಮಾತಾಗಿ ತೋರದು.

ತೋಟದವರನ್ನು ದೂರುವುದು ಸುಲಭ. ಒಣಗುವ ಅಡಿಕೆ ಮರವನ್ನು ನೋಡುತ್ತ ಕುಳಿತುಕೊಳ್ಳಿರೆಂದು ಯಾರಿಗೆ ಹೇಳೋಣ? ಆದರೆ ನಮ್ಮ ರಾಜ್ಯದಲ್ಲಿ ೨೦೧೧ರಿಂದ ಅಂತರ್ಜಲವನ್ನು ನಿಯಂತ್ರಿಸುವ ಕಾಯಿದೆಯೊಂದಿದೆ. ಬುಗ್ಗೆಯ ಸುತ್ತ ಒಂದು ಮೇರೆ ಗುರುತಿಸಿ, ಅದರೊಳಗೆ ಆಳವಾಗಿ ಕೊರೆಯದಂತೆ ಕಾಯ್ದು, ಅದರಿಂದ ನಷ್ಟವಾಗುವ ಕೃಷಿಕರಿಗೆ ಬೇರೆ ನೀರಿನ ಆಸರೆ ಒದಗಿಸುವುದು ಅಸಾಧ್ಯದ ಮಾತೇನೂ ಅಲ್ಲ. ನ್ಯೂಜಿಲೆಂಡಿನವರೂ ಹಂಗೆರಿಯವರೂ ಇದಕ್ಕಿಂತ ದೊಡ್ಡದನ್ನು ಮಾಡಿದರು.

ಅಷ್ಟಕ್ಕೂ ಮೊದಲು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಹತ್ತಿರದ ಯಾವುದಾದರೂ ಪ್ರೌಢಶಾಲೆಯ ಮಕ್ಕಳು ವಾರಕ್ಕೊಮ್ಮೆ ಬೆಂದ್ರು ತೀರ್ಥಕ್ಕೆ ಹೋಗಿ, ಒಂದು ಉಷ್ಣಮಾಪಕವನ್ನು ನೀರಿಗಿಳಿಸಿ, ನೀರಿನ ಬಿಸಿ ಎಷ್ಟು, ಮಟ್ಟ ಎಷ್ಟು ಎಂದು ದಿನಾಂಕ ಹಾಕಿ ಬರೆದಿಡಲಿ. ಮಳೆಗಾಲದಲ್ಲೂ ಬರೆಯಲಿ, ಬೇಸಗೆಯಲ್ಲೂ ಬರೆಯಲಿ; ಈ ವರ್ಷದ ಮಕ್ಕಳು ಮುಂದಿನ ವರ್ಷದವರಿಗೆ ಆ ಪುಸ್ತಕವನ್ನು ಒಪ್ಪಿಸಿ ಹೋಗಲಿ. ಹತ್ತು ವರ್ಷ ಹೀಗೆ ನಡೆದರೆ, ನೀರು ಇಳಿಯಿತೆಂಬ ಊರವರ ಮಾತಿಗೆ ಯಾವ ಕಚೇರಿಯೂ ತಳ್ಳಿಹಾಕಲಾಗದ ಸಾಕ್ಷಿ ದೊರೆಯುತ್ತದೆ. ಅದಕ್ಕೆ ಬೇಕಾದುದು ಒಂದು ಉಷ್ಣಮಾಪಕ, ಒಂದು ಅಳತೆಯ ಕೋಲು, ಇನ್ನೂರು ಪುಟದ ಒಂದು ನೋಟುಪುಸ್ತಕ.